ನೆತ್ತರು ಕುಡಿದು ಬಂದ ಫೌಜಿ ಅಣ್ಣ

ಹೋದ ತಿಂಗಳು ನನಗೆ ಹಲ್ಲಿನ ಸೆಟ್ಟು ಬಂತು. ನಾರಾಯಣಪೇಟೆಯ ಹಲ್ಲಿನ ಡಾಕ್ಟರು ಅದನ್ನು ಕೈಗಿಟ್ಟು, ಮಲಗುವಾಗ ತೆಗೆದು ನೀರಿನಲ್ಲಿ ಹಾಕಿಡಬೇಕು ಅಜ್ಜಿ ಎಂದು ಎರಡೆರಡು ಸಲ ಹೇಳಿ ಕಳಿಸಿದರು. ಮಧ್ಯಾಹ್ನ ಉಂಡು, ಗಾಜಿನ ಲೋಟದಲ್ಲಿ ಅದನ್ನು ಮುಳುಗಿಸಿಟ್ಟು ಸ್ವಲ್ಪ ಅಡ್ಡಾದೆ. ಎಚ್ಚರಾಗಿ ಕಣ್ಣು ಬಿಟ್ಟರೆ ಲೋಟದೊಳಗಿಂದ ಯಾರೋ ನನ್ನನ್ನೇ ನೋಡಿ ನಗುತ್ತಿದ್ದಾರೆ. ಎದೆ ಝಲ್ಲೆಂದಿತು. ಮರುಗಳಿಗೆ ನನಗೇ ನಗು ಬಂತು. ಆ ನಗುವಿನ ಬೆನ್ನಿಗೇ ಫೌಜಿ ಅಣ್ಣನ ನೆನಪು ಬಂತು...

ನಾನು ಮದುವೆಯಾಗಿ ಮಕ್ತಲಿಗೆ ಬಂದಾಗ ನನಗೆ ಹದಿನೇಳು. ನಮ್ಮವರು ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಮಾಸ್ತರು. ನಿಜಾಮರ ಕಾಲ, ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಶಾಲೆಯಲ್ಲಿ ಉರ್ದು. ಕುರುಬರ ಓಣಿಯಲ್ಲಿ ನಮಗೊಂದು ಬಾಡಿಗೆ ಮನೆ ಸಿಕ್ಕಿತ್ತು. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯಾಚೆ ಒಬ್ಬಳೇ ಹೆಂಗಸು ಉಣ್ಣೆ ನೂಲುತ್ತಾ ಇರುತ್ತಿದ್ದಳು. ನಾನು ಅವಳನ್ನು ವೈನಿ ಎಂದು ಕರೆಯತೊಡಗಿದೆ. ಹಾಗಾಗಿ ಇನ್ನೂ ಮುಖ ನೋಡಿರದ ಅವಳ ಗಂಡ ನನಗೆ ಅಣ್ಣನಾದ. ಅವನು ನಿಜಾಮರ ಫೌಜಿಗೆ ಸೇರಿ, ಹಡಗು ಹತ್ತಿ ಮಲಾಯಾಕ್ಕೆ ಲಡಾಯಿಗೆ ಹೋಗಿದ್ದ.

"ಬೂಟಿನ ಆಸೇಕ ಹೋದ್ನವ್ವಾ" ಎನ್ನುತ್ತಿದ್ದಳು ವೈನಿ. "ರಾಯಚೂರಾಗ ಯಾವನೋ ಸಿಪಾಯಿ ಬೂಟ ಹಾಕ್ಕೊಂಡು ಟಪ್ ಟಪ್ ಅಂತ ನಡಿಯೋದು ನೋಡಿ ಬಂದಿದ್ದ. ಮರುದಿನ ಎದ್ದು ಹೋದ."

ಕರ್ರಗೆ, ದುಂಡಗೆ ಇದ್ದನಂತೆ. ಅವನು ನಕ್ಕರೆ ಮೂರು ಹೊಲದಾಚೆ ಕುರಿಗಳು ತಲೆ ಎತ್ತುತ್ತಿದ್ದವಂತೆ.

ನಾನು ಬಂದ ವರ್ಷವೇ ಒಂದು ಉರ್ದು ಕಾಗದ ಬಂತು. ಓದಿ ಹೇಳಲು ನಮ್ಮವರನ್ನೇ ಕರೆದರು. ಅದರಲ್ಲಿ ಇದ್ದದ್ದು ಒಂದೇ ಮುಖ್ಯ ಮಾತು: ಲಾಪತಾ.

"ಪತ್ತೆ ಇಲ್ಲ ಅಂತ ಅರ್ಥ. ಸತ್ತಾನ ಅಂತ ಬರದಿಲ್ಲ" ಎಂದರು ನಮ್ಮವರು.

ಫೌಜಿ ಅಣ್ಣನ ತಮ್ಮ ತಲೆ ಕೆರೆದುಕೊಂಡ. "ನಮ್ಮ ಕುರಿ ಎರಡ ದಿನ ಪತ್ತೆ ಇಲ್ಲಂದ್ರ ತೋಳ ತಿಂದೈತಿ ಅಂತ ತಿಳಕೋತೀವ್ರಿ ಮಾಸ್ತರ. ಈತ ಎರಡ ವರ್ಷ ಆತು."

ಹೀಗೆ ತೀರ್ಮಾನವಾಗಿಹೋಯಿತು. ಹನ್ನೊಂದನೇ ದಿನ ಮಾಡಿ ಪಿಂಡ ಇಟ್ಟರು. ಕುರಿಹಿಂಡು ತಮ್ಮನ ಹಟ್ಟಿಗೆ ಹೋಯಿತು. ವೈನಿ ಮಾತ್ರ ಬಳೆ ತೆಗೆಯಲಿಲ್ಲ. ಯಾರು ಕೇಳಿದರೂ "ಕಾಗದದಾಗ ಬರದಿಲ್ಲ" ಎಂದು ಹೇಳಿ ನೂಲಿಗೆ ಕೂತುಬಿಡುತ್ತಿದ್ದಳು.

ಲಡಾಯಿ ಮುಗಿಯಿತು ಎಂಬ ಸುದ್ದಿ ಬಂದು ಎಷ್ಟೋ ತಿಂಗಳಾಗಿತ್ತು. ಸುಡುಬೇಸಿಗೆಯ ಒಂದು ಮಧ್ಯಾಹ್ನ ನಾನು ಮಾಳಿಗೆ ಮೇಲೆ ಸಂಡಿಗೆ ಇಡುತ್ತಿದ್ದೆ. ಓಣಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಬಗ್ಗಿ ನೋಡಿದೆ. ಆ ಬಿಸಿಲಿನಲ್ಲಿ ಮೊಣಕಾಲುದ್ದದ ಉಣ್ಣೆ ಕೋಟು ತೊಟ್ಟ ಒಬ್ಬ ಮನುಷ್ಯ ಬರುತ್ತಿದ್ದ. ಕಣ್ಣಿಗೆ ಕಪ್ಪು ಕನ್ನಡಕ. ಮುಖ ಅರಿಶಿನ ಬಳಿದಷ್ಟು ಹಳದಿ. ಮೈಯಲ್ಲಿ ಎಲುಬು ಬಿಟ್ಟರೆ ಏನೂ ಇಲ್ಲ. ವೈನಿಯ ಬಾಗಿಲ ಮುಂದೆ ನಿಂತು ತಲೆ ಎತ್ತಿ ನನ್ನನ್ನು ನೋಡಿ ನಕ್ಕ. ನಗುವಾಗ ಮೇಲಿನ ಹಲ್ಲಿನ ಸಾಲು ಪೂರ್ತಿ ಜಾರಿ ಗದ್ದದವರೆಗೆ ಇಳಿದು, ಟಕ್ ಎಂದು ಮತ್ತೆ ಮೇಲೆ ಹೋಯಿತು.

ಸಂಡಿಗೆ ಹಿಟ್ಟಿನ ಪಾತ್ರೆ ನನ್ನ ಕೈಯಿಂದ ಜಾರಿ ಓಣಿಗೆ ಬಿತ್ತು. ಸದ್ದಿಗೆ ವೈನಿ ಹೊರಗೆ ಬಂದಳು. ಬಹಳ ಹೊತ್ತು ನೋಡಿದಳು. ಮುಖ ನೋಡಿದಳು, ಕೋಟು ನೋಡಿದಳು, ಕೊನೆಗೆ ಅವನ ಬರಿಗಾಲು ನೋಡಿದಳು.

"ಬೂಟ ಎಲ್ಲ್ಯವ?" ಎಂದಳು.

"ಕಳದಾವ" ಎಂದ.

"ಒಳಗ ಬಾ" ಎಂದಳು.

ಕೃಷ್ಣಾ ಸ್ಟೇಷನ್ನಿನಲ್ಲಿ ರೈಲು ಇಳಿದು ನಡೆದೇ ಬಂದಿದ್ದನಂತೆ. ಒಂದೊಂದಕ್ಕೂ ಕಾರಣವಿತ್ತು, ನನಗೆ ತಿಳಿದದ್ದು ಆಮೇಲೆ. ಜಪಾನಿನವರ ಸೆರೆಯಲ್ಲಿ ಮೂರು ವರ್ಷ ಅರೆಹೊಟ್ಟೆ ಇದ್ದು ಕಣ್ಣಿಗೆ ಬಿಸಿಲು ತಡೆಯುತ್ತಿರಲಿಲ್ಲ. ಚಳಿಜ್ವರಕ್ಕೆ ಕೊಟ್ಟ ಗುಳಿಗೆಯಿಂದ ಮೈ ಹಳದಿಯಾಗಿತ್ತು. ಅದೇ ಚಳಿಗೆ ಕೋಟು. ಕಾವಲಿನವನ ಬಂದೂಕಿನ ಹಿಡಿ ಬಡಿದು ಮೇಲಿನ ಹಲ್ಲು ಉದುರಿದ್ದವು. ಬಿಡುಗಡೆಯಾದ ಮೇಲೆ ಫೌಜಿನ ಆಸ್ಪತ್ರೆಯಲ್ಲಿ ಯಾವನೋ ಗೋರಾ ಸಾಹೇಬನ ಬಾಯಿಗೆಂದು ಮಾಡಿಟ್ಟಿದ್ದ ಸೆಟ್ಟನ್ನು ಇವನಿಗೆ ಕೊಟ್ಟಿದ್ದರು. ಆ ಸಾಹೇಬನ ಕೋರೆಹಲ್ಲು ಬಹಳ ಉದ್ದವಿದ್ದಿರಬೇಕು.

ಆದರೆ ಓಣಿಗೆ ಗೊತ್ತಿದ್ದದ್ದು ಒಂದೇ. ಪಿಂಡ ತಿಂದು ಹೋದವನು ತಿರುಗಿ ಬಂದಿದ್ದಾನೆ, ಕೋರೆಹಲ್ಲು ಸಮೇತ. ಸಾಲದ್ದಕ್ಕೆ ದಿನಾ ಕಟ್ಟೆಯ ಮೇಲೆ ಕೂತು ಬಾಟಲಿಯಿಂದ ಕೆಂಪು ಟಾನಿಕ್ಕು ಕುಡಿದು ತುಟಿ ಒರೆಸಿಕೊಳ್ಳುತ್ತಿದ್ದ. ಅದೇನೆಂದು ಯಾರೋ ದೂರದಿಂದ ಕೇಳಿದರೆ, ಪಾಪ, ನಿಜ ಹೇಳಿದ: "ನೆತ್ತರ ಸಲುವಾಗಿ." ಕೇಳಿದವನು ಮುಂದಿನ ಮಾತಿಗೆ ಕಾಯಲಿಲ್ಲ.

ನಾನೂ ಕಡಿಮೆಯವಳಲ್ಲ. ಅವನ ಪಾದ ಹಿಂದುಮುಂದಾಗಿವೆಯೋ ಎಂದು ಗೋಡೆಯ ಕಿಂಡಿಯಿಂದ ನೋಡಿದೆ. ನೆರಳು ಬೀಳುತ್ತದೆಯೋ ಎಂದು ನೋಡಿದೆ. ಬೀಳುತ್ತಿತ್ತು, ಆದರೂ ನಂಬಿಕೆ ಸಾಲದೆ ಹೊಸ್ತಿಲ ಮೇಲೆ ಕುಡಗೋಲು, ಪೊರಕೆ, ಹಳೇ ಚಪ್ಪಲಿ ಅಡ್ಡ ಇಟ್ಟೆ. ಶಾಲೆಯಿಂದ ಬಂದ ನಮ್ಮವರು ಅದಕ್ಕೇ ಎಡವಿ ಬಿದ್ದು ನಾಲ್ಕು ದಿನ ಕುಂಟಿದರು. "ದೆವ್ವಕ್ಕ ಏನೂ ಆಗಲಿಲ್ಲ, ಮಾಸ್ತರಗ ಆತು" ಎಂದರು, ಅಷ್ಟೇ.

ನಗುವ ಮಾತು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆ ವಾರ ತಮ್ಮನ ಹಟ್ಟಿಯಲ್ಲಿ ಬೆಳಗಾದರೆ ಒಂದು ಕುರಿ ಸತ್ತು ಬಿದ್ದಿರುತ್ತಿತ್ತು. ಕುತ್ತಿಗೆಯಲ್ಲಿ ತೂತು. ಮೂರನೇ ಕುರಿ ಸತ್ತ ದಿನ ಹೆಂಗಸರು ವೈನಿಗೆ ಬಾವಿಯಲ್ಲಿ ಕೊಡ ಇಳಿಸಲು ಬಿಡಲಿಲ್ಲ. ಅವಳು ಖಾಲಿ ಕೊಡ ಹೊತ್ತು ತಿರುಗಿ ಬಂದದ್ದನ್ನು ನಾನು ನೋಡಿದೆ. ನಮ್ಮ ಮನೆಯ ನೀರು ಕೊಡಲು ನನಗೂ ಧೈರ್ಯ ಬರಲಿಲ್ಲ. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿ ಚುಚ್ಚುತ್ತದೆ.

ಗಂಡಹೆಂಡತಿ ಇಬ್ಬರನ್ನೂ ಊರು ಬಿಡಿಸಬೇಕೆಂದು ತಮ್ಮ ಪಟ್ಟು ಹಿಡಿದ. ಬೀರಪ್ಪನ ಗುಡಿಯ ಮುಂದೆ ಬೆಳಗಿನ ಹೊತ್ತು ಪಂಚಾಯ್ತಿ ಸೇರಿತು. ಎಂಬತ್ತು ದಾಟಿದ ಪೂಜಾರಿ ಅರಿಶಿನದ ಬಂಡಾರ ಹಿಡಿದು ಕೂತಿದ್ದ. ಅದನ್ನು ಮುಟ್ಟಿ ಸುಳ್ಳು ಹೇಳುವ ಕುರುಬ ಆ ಸೀಮೆಯಲ್ಲಿ ಇರಲಿಲ್ಲ.

"ಮುಟ್ಟಿ ಹೇಳಪಾ. ನೆತ್ತರ ಕುಡದೀಯೇನು?"

ಫೌಜಿ ಅಣ್ಣ ಬಂಡಾರದ ಮೇಲೆ ಕೈ ಇಟ್ಟ.

"ಕುಡದೀನ್ರಿ" ಎಂದ.

ಹಿಂದೆ ಕೂತಿದ್ದವರು ಮೆಲ್ಲಗೆ ಎದ್ದು ನಿಂತರು. ಮುಂದಿನ ಮಾತು ಸ್ಪಷ್ಟ ಹೇಳಬೇಕೆಂದು ಅವನು ಬಾಯಿಗೆ ಕೈ ಹಾಕಿ ಹಲ್ಲಿನ ಸೆಟ್ಟು ತೆಗೆದು ಕಟ್ಟೆಯ ಮೇಲೆ ಇಟ್ಟ. ಅಲ್ಲಿಗೆ ಅರ್ಧ ಪಂಚಾಯ್ತಿ ಬರಖಾಸ್ತಾಯಿತು. ಒಬ್ಬ ಮುದುಕ ಬೇವಿನಮರ ಹತ್ತಿದ. ಅವನನ್ನು ಇಳಿಸಲು ಆಮೇಲೆ ಏಣಿ ತರಬೇಕಾಯಿತು. ಪೂಜಾರಿ ಮಾತ್ರ ಕದಲಲಿಲ್ಲ. "ಹೇಳು" ಎಂದ.

"ಕಾಡಾಗ ರಸ್ತೆ ಕಡಿಯಾಕ ಹಚ್ಚಿದ್ರು. ಊಟ ನಿಂತು ಎಷ್ಟ ದಿನ ಆಗಿತ್ತೋ... ಸಾಮಾನ ಹೇರಿದ್ದ ಎತ್ತು ಬಿತ್ತು. ಏಳ ಮಂದಿ ಇದ್ವಿ. ಅದರ ಕುತಿಗಿ ಕೊಯ್ದು ಬಿಸಿ ನೆತ್ತರ ಕುಡದ್ವಿ. ಒಬ್ಬ ಕುಡಿಲಿಲ್ಲ. ಗದ್ವಾಲದಾಂವ, ಲಿಂಗ ಕಟ್ಟಿದಾಂವ, ನನ್ನ ಜೋಡಿ. ಬೈದೆ. ಹೊಡದೆ. ಬಾಯಿಗೆ ಹಿಡದೆ. ಮಾರಿ ತಿರುವಿದ. ನಾಕ ದಿನಕ್ಕ ಹೋದ. ನಾ ಉಳದೆ." ಹಲ್ಲಿಲ್ಲದ ಬಾಯಲ್ಲಿ ಮಾತು ತೊದಲುತ್ತಿತ್ತು. "ಅದು ತಪ್ಪಂದ್ರ ಊರ ಬಿಡತೀನಿ. ಆದ್ರ ಕುರಿ ನಾ ಮುಟ್ಟಿಲ್ಲ."

ಅಷ್ಟರಲ್ಲಿ ವೈನಿ ಎದ್ದು ಹೋದಳು. ಆ ದಿನ ಬೆಳಿಗ್ಗೆ ಸತ್ತಿದ್ದ ಕುರಿಯನ್ನು ಹೆಗಲ ಮೇಲೆ ಹೊತ್ತು ತಂದು ಪೂಜಾರಿಯ ಮುಂದೆ ಧೊಪ್ಪನೆ ಕೆಡವಿದಳು. ಕಟ್ಟೆಯ ಮೇಲಿದ್ದ ಹಲ್ಲನ್ನು ಸೆರಗಿನಲ್ಲಿ ಒರೆಸಿ ಕುರಿಯ ಕುತ್ತಿಗೆಗೆ ಹಿಡಿದಳು.

"ಕೂಡತಾವೇನು ನೋಡ್ರಿ."

ಪೂಜಾರಿ ಬಗ್ಗಿದ. ಗಾಯದ ತೂತುಗಳ ನಡುವೆ ಬೆರಳಿಟ್ಟು ಅಳೆದ: ಮೂರು ಬೆರಳು. ಸಾಹೇಬನ ಕೋರೆಗಳ ನಡುವೆ ಅಳೆದ: ಎರಡು ಬೆರಳು. ಹೇಗೆ ಒತ್ತಿದರೂ ಹಲ್ಲು ಗಾಯಕ್ಕೆ ಕೂಡಲಿಲ್ಲ. ಅವನು ಹಲ್ಲನ್ನು ತಿರುಗಿಸಿ, ಕೆಳಗಿನ ಸಾಲು ಎಲ್ಲಿ ಎಂದು ಹುಡುಕಿದ.

"ಇದು ತೋಳ" ಎಂದ ಕೊನೆಗೆ. "ಕುರುಬರ ಹೊಟ್ಟ್ಯಾಗ ಹುಟ್ಟಿ ತೋಳನ ಗಾಯ ಗುರ್ತ ಹಿಡಿಲಿಲ್ಲೇನು ಒಬ್ಬರೂ? ಇಂಥಾ ಹಲ್ಲಿಗೆ ರೊಟ್ಟೀನ ಹರಿಯಂಗಿಲ್ಲ, ಕುರಿ ಹೆಂಗ ಹರೀತೈತಿ?"

"ಹರಿಯಂಗಿಲ್ರಿ" ಎಂದ ಫೌಜಿ ಅಣ್ಣ. "ಅಂಬಲಿ ಕುಡಿತೀನಿ."

ತಮ್ಮ ತಲೆ ತಗ್ಗಿಸಿದ್ದ. ಆದರೂ ಬಿಡಲಿಲ್ಲ. "ತೋಳನ ಇರಲ್ರಿ. ಆದ್ರ ಸತ್ತಾಂವ ಸತ್ತಾಂವನ ಅಲ್ಲೇನು? ಪಿಂಡ ನಾನ ಇಟ್ಟೀನಿ."

ಪೂಜಾರಿ ಕಣ್ಣು ಮುಚ್ಚಿ ಯೋಚಿಸಿದ. "ಸತ್ತಾಂವ ಹುಟ್ಟಲಿ" ಎಂದ.

ಹಾಗೆ ಮಾಡುವುದು ಹಿಂದಿನಿಂದ ಬಂದ ಪದ್ಧತಿಯಂತೆ. ತಿಥಿ ಮಾಡಿಸಿಕೊಂಡವನು ಮತ್ತೆ ಕೂಸಾಗಿ ಹುಟ್ಟಬೇಕು, ತೊಟ್ಟಿಲಲ್ಲಿ ಮಲಗಬೇಕು, ಆಮೇಲೆ ಹೆಂಡತಿಯನ್ನು ಮತ್ತೆ ಮದುವೆಯಾಗಬೇಕು. ಆರಡಿ ಕೂಸಿಗೆ ತೊಟ್ಟಿಲು ಎಲ್ಲಿ ಸಿಗಬೇಕು? ಕಂಬಳಿಯನ್ನೇ ಬೇವಿನ ಟೊಂಗೆಗೆ ಜೋಲಿ ಕಟ್ಟಿದರು. ಅವನನ್ನು ಮೀಯಿಸಿ, ನೆತ್ತಿಗೆ ಎಣ್ಣೆ ಒತ್ತಿ, ಕಾಲು ಮಡಿಸಿ ಮಲಗಿಸಿದರು. ಬೀಳುತ್ತದೆಂದು ಹಲ್ಲು ತೆಗೆಸಿದ್ದರು. ನಾನು ತಂಗಿಯಲ್ಲವೇ, ತೂಗುವ ಕೆಲಸ ನನ್ನದು. ಐದು ಜನ ಹೆಂಗಸರು ಗಂಭೀರವಾಗಿ ಜೋಗುಳ ಹಾಡಿದೆವು. ಎರಡನೇ ಸಾಲಿಗೆ ಟೊಂಗೆ ಲಟ್ಟೆಂದಿತು. ಕೂಸು ದೊಪ್ಪನೆ ನೆಲಕ್ಕೆ ಬಿತ್ತು. ಒಂದು ಗಳಿಗೆ ಎಲ್ಲರೂ ಉಸಿರು ಹಿಡಿದೆವು. ಆಮೇಲೆ ಕಂಬಳಿಯೊಳಗಿಂದ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ಓಣಿಯ ತುಂಬ. ಬೊಚ್ಚುಬಾಯಿ ತೆರೆದು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ವೈನಿ ಗೋಡೆಗೆ ಒರಗಿ ನಿಂತು ಅಳುತ್ತಿದ್ದಳು.

"ಈಗ ನಾನ ದೊಡ್ಡಾಂವ. ನೀ ನಿನ್ನೆ ಹುಟ್ಟಿದಾಂವ" ಎಂದು ತಮ್ಮ ಮರುದಿನ ಅಣ್ಣನ ಮುಂದೆ ಮೀಸೆ ತೀಡಿದ. ವೈನಿ ಅದಕ್ಕೇ ಕಾಯುತ್ತಿದ್ದಳೇನೋ.

"ಖರೇ ಐತಿ. ದೊಡ್ಡಾಂವ ಅಂದಮ್ಯಾಲ ತಮ್ಮನ ಮದಿವಿ ಊಟ ನಿಂದ. ತಮ್ಮನ ಪಾಲಿನ ಕುರಿ ಕೊಟ್ಟು ಬ್ಯಾರೆ ಇಡೋದೂ ನಿಂದ."

ಪೂಜಾರಿ ಹೌದೆಂದ. ತಮ್ಮ ಎರಡು ಟಗರು ಕಡಿದು ಓಣಿಗೆಲ್ಲ ಊಟ ಹಾಕಿಸಿದ. ಅರ್ಧ ಹಿಂಡು ಅಣ್ಣನ ಹಟ್ಟಿಗೆ ತಿರುಗಿ ಬಂತು. ಮದುವೆಗೆ ಒಪ್ಪಿಗೆಯೇ ಎಂದು ಪೂಜಾರಿ ಕೇಳಿದಾಗ ವೈನಿ, "ನನಗ ಮೂವತ್ತ. ಕೂಸಿಗೆ ಒಂದ ದಿನ. ಏನ ಮಾಡೋದ್ರಿ, ಸಾಕತೀನಿ" ಎಂದಳು.

ಅವನ ಮನಸ್ಸಿನಲ್ಲಿ ಇನ್ನೊಂದು ಕೆಲಸ ಬಾಕಿ ಇತ್ತು. ಗದ್ವಾಲದ ಗೆಳೆಯನ ತಾಯಿಗೆ ಸುದ್ದಿ ಹೇಳುವುದು. ಒಬ್ಬನೇ ಹೋಗಲು ಹೆದರಿ ನಮ್ಮವರನ್ನು ಕರೆದ. ಹಟ ಹಿಡಿದು ನಾನೂ, ವೈನಿಯೂ ಹೊರಟೆವು. ಹರಿಗೋಲಿನಲ್ಲಿ ಕೃಷ್ಣೆ ದಾಟಿದೆವು. ಕೋಟೆಯ ಹತ್ತಿರ ನೇಕಾರರ ಓಣಿಯಲ್ಲಿ ಆ ತಾಯಿ ಮಗ್ಗದ ಮುಂದೆ ಕೂತಿದ್ದಳು. ಎಲ್ಲ ಕೇಳಿಸಿಕೊಂಡಳು. ಕೈಯಲ್ಲಿದ್ದ ಲಾಳಿ ಬದಿಗಿಟ್ಟಳು.

"ಹಸಗೊಂಡು ಹೋದನೇನಪಾ ನನ ಮಗ?"

ಫೌಜಿ ಅಣ್ಣ ಅವಳ ಮುಖವನ್ನೇ ನೋಡಿದ. "ಇಲ್ಲವ್ವಾ. ಹೊಟ್ಟಿ ತುಂಬ ಉಂಡ. ನಿನ್ನ ನೆನಸಿ ಮಲಗಿದ. ಮಲಗಿದಾಂವ ಏಳಲಿಲ್ಲ."

ಅವಳು ಬಹಳ ಹೊತ್ತು ಅತ್ತಳು. ಆಮೇಲೆ ಎದ್ದು, ಬೇಡವೆಂದರೂ ಕೇಳದೆ, ಅನ್ನ ಮಾಡಿ ಬಡಿಸಿದಳು. ಉಣ್ಣುವಾಗ ಅವನ ಹಲ್ಲು ಟಕ್ ಟಕ್ ಎನ್ನುತ್ತಿತ್ತು. "ಯಾರವಪಾ ಈ ಹಲ್ಲು?" ಎಂದು ಕೇಳಿದಳು. "ಗೊತ್ತಿಲ್ಲವ್ವಾ. ಯಾವನೋ ಗೋರಾ ತನ್ನ ಹಲ್ಲು ಹುಡುಕ್ತಿರಬೇಕು" ಎಂದ. ಕಣ್ಣೀರಿನಲ್ಲೇ ಆ ತಾಯಿ ನಕ್ಕಳು.

ತಿರುಗಿ ಬರುವಾಗ ನಡುಹೊಳೆಯಲ್ಲಿ ನಮ್ಮವರ ಕಡೆ ನೋಡಿದ. "ಬಂಡಾರ ಮುಟ್ಟಿ ಹೇಳಿಲ್ರಿ ಮಾಸ್ತರ. ನಡಿತೈತಲ್ರಿ?" ಎಂದ. ನಡೆಯುತ್ತದೆ ಎಂದರು ನಮ್ಮವರು.

ಆಮೇಲೆ ಪ್ರತಿ ವರ್ಷ ಉಣ್ಣೆ ಕತ್ತರಿಸಿದ ಮೇಲೆ ಒಂದು ಕಂಬಳಿ ಹೆಗಲಿಗೇರಿಸಿ ಗದ್ವಾಲಕ್ಕೆ ಹೋಗಿ ಬರುತ್ತಿದ್ದ. ಆ ತಾಯಿ ತೀರಿದಾಗ ಮಗನ ಜಾಗದಲ್ಲಿ ನಿಂತು ಮಣ್ಣು ಕೊಟ್ಟವನೂ ಅವನೇ. ಅಷ್ಟರಲ್ಲಿ ನಮ್ಮವರಿಗೆ ನಾರಾಯಣಪೇಟೆಗೆ ವರ್ಗವಾಗಿತ್ತು. ಅವನು ಹೋದ ಸುದ್ದಿ ನನಗೆ ತಡವಾಗಿ ತಲುಪಿತು. ಹೋಗಿ ನೋಡುವಷ್ಟರಲ್ಲಿ ಮೂರು ದಿನವಾಗಿತ್ತು. ವೈನಿ ಕಟ್ಟೆಯ ಮೇಲೆ ಕೂತಿದ್ದಳು. "ಈ ಸಲ ನಾನ ಕಣ್ಣಾರೆ ನೋಡೀನಿ ತಂಗಿ" ಎಂದಳು. ಕೆಲವು ವರ್ಷಕ್ಕೆ ಅವಳೂ ಹೋದಳು, ನಮ್ಮವರೂ ಹೋದರು...

ಮೊನ್ನೆ ಒಂದು ಮದುವೆಗೆ ಗದ್ವಾಲಕ್ಕೆ ಹೋಗಿದ್ದೆ. ಈಗ ಹರಿಗೋಲು ಬೇಕಿಲ್ಲ. ಜೂರಾಲ ಅಣೆಕಟ್ಟಿನ ಮೇಲೆ ಜೀಪು ಒಂದು ಹಾಡು ಹೇಳುವಷ್ಟರಲ್ಲಿ ದಾಟುತ್ತದೆ. ನೇಕಾರರ ಓಣಿಯ ಹತ್ತಿರ ಜೀಪು ನಿಲ್ಲಿಸಲು ಹೇಳಿ ಇಳಿದೆ. ಆ ತಾಯಿಯ ಮನೆ ಇದ್ದ ಕಡೆ ಒಂದು ಎಸ್‌ಟಿಡಿ ಬೂತ್ ಇತ್ತು. ನಾನು ಸುಮ್ಮನೆ ನಿಂತಿದ್ದನ್ನು ನೋಡಿ ಒಳಗಿದ್ದವನು ಎದ್ದು ಬಂದು, ಯಾರು ಬೇಕಿತ್ತು ಎಂದು ತೆಲುಗಿನಲ್ಲಿ ಕೇಳಿದ. ಒಳ್ಳೆಯವನು, ಕುರ್ಚಿಯನ್ನೂ ಎಳೆದು ಹಾಕಿದ. ಹೇಳೋಣವೆಂದು ಬಾಯಿ ತೆರೆದೆ. ಯಾರ ಹೆಸರು ಹೇಳಲಿ? ಹೇಳಿದರೂ ಹೌದು, ಗೊತ್ತು ಎನ್ನುವವರು ಆ ಓಣಿಯಲ್ಲಿ ಯಾರು ಉಳಿದಿದ್ದಾರೆ?

"ಎವರೂ ಲೇರು ನಾಯನಾ" ಎಂದೆ. ಯಾರೂ ಇಲ್ಲಪ್ಪ ಎಂದು. ಅವನು ಹಾಕಿದ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತು, ಕೊಟ್ಟ ನೀರು ಕುಡಿದು, ಜೀಪು ಹತ್ತಿದೆ.