ನಾಯಬನಿಲ್ಲದ ಮನೆ

2005ರ ಚಳಿಗಾಲದ ಒಂದು ಭಾನುವಾರ ಮಧ್ಯಾಹ್ನ. ಲಂಡನ್ನಿನ ದಕ್ಷಿಣಕ್ಕಿರುವ ಕ್ರೋಯ್ಡನ್ನಿನ ನಮ್ಮ ಫ್ಲ್ಯಾಟುಗಳ ಮೂರನೆಯ ಮಹಡಿ. ನಾನು ಎದುರುಮನೆಯ ಹೊಸ್ತಿಲಿನಲ್ಲಿ ನಿಂತಿದ್ದೆ. ಒಳಗೆ ಆ ಮನೆಯ ಯಜಮಾನರು ಮಗ್ಗುಲಾಗಿ ಬಿದ್ದಿದ್ದರು. ನಾನು ವೈದ್ಯ. ಜೀವ ಹೋಗಿದೆಯೆಂದು ನೋಡಿದ ಕೂಡಲೇ ತಿಳಿಯಿತು. ಆದರೂ ಒಳಗೆ ಹೋಗಿ ಅಂಗಾತ ಮಲಗಿಸಿ, ಆಂಬುಲೆನ್ಸಿನವರು ಬರುವತನಕ ಅವರ ಎದೆ ಒತ್ತುತ್ತಿದ್ದೆ.

ಅವರು ಈಜಿಪ್ಟಿನವರು. ಕೈರೋದಲ್ಲಿ ಶಾಲೆಯೊಂದರಲ್ಲಿ ಇತಿಹಾಸ ಕಲಿಸಿದ್ದವರು. ಮಕ್ಕಳಿಲ್ಲ. ಹೆಂಡತಿಗೆ ಮರೆವು ಬಂದು, ಅಡಿಗೆಮನೆಯ ದಾರಿಯೂ ತಪ್ಪುತ್ತಿತ್ತು. ಅವಳಿಗೆ ಇವರೊಬ್ಬರೇ.

ನಮ್ಮಲ್ಲಿಗೆ ಚಹಾಕ್ಕೆ ಬಂದರೆ ತಮ್ಮ ದೇಶದ ಮಾತು. "ಎರಡು ಸಲ ಅಧ್ಯಕ್ಷ ಸತ್ತ. ಎರಡು ಸಲವೂ ಉಪಾಧ್ಯಕ್ಷನೇ ಆ ಕುರ್ಚಿ ಹತ್ತಿದ. ಹಾಗೆ ಹತ್ತಿದ ಈಗಿನವನು ಮಾತ್ರ ಉಪಾಧ್ಯಕ್ಷನನ್ನೇ ನೇಮಿಸಿಲ್ಲ. ಪಕ್ಕದ ಕುರ್ಚಿ ತುಂಬಿದರೆ ತನ್ನದು ಖಾಲಿಯಾದೀತೆಂದು ಭಯ."

ಉಪಾಧ್ಯಕ್ಷನಿಗೆ ಅರಬ್ಬಿಯಲ್ಲಿ ಏನೆನ್ನುತ್ತಾರೆ ಎಂದು ಕೇಳಿದೆ.

"ನಾಯಬ್."

ಕಲಬುರಗಿಯವಳಾದ ನನ್ನ ಹೆಂಡತಿ ನನ್ನ ಕಡೆ ತಿರುಗಿ ನಕ್ಕಳು. "ಅಯ್ಯ, ನಮ್ಮಜ್ಜನೂ ನಾಯಬ್ ಇದ್ದ ನೋಡ್ರಿ, ನಾಯಬ್ ತಹಶೀಲ್ದಾರ!"

ಅದನ್ನು ಇಂಗ್ಲಿಷಿನಲ್ಲಿ ಹೇಳಿದ ದಿನದಿಂದ ಅವಳು ಅವರಿಗೆ 'ನಾಯಬರ ಮೊಮ್ಮಗಳು'.

ಒಮ್ಮೆ ಅವಳು ಕೇಳಿಯೇಬಿಟ್ಟಳು. "ಅಂಕಲ್, ನಿಮ್ಮ ಮನೆಗೆ ನಾಯಬ್ ಯಾರು? ನಾಳೆ ಆಂಟಿಯನ್ನು ನೋಡಿಕೊಳ್ಳುವವರು?"

ಅವರು ಕಪ್ಪು ಕೆಳಗಿಟ್ಟರು. "ನಾನಿದ್ದೇನಲ್ಲ."

ಊರಿನ ಆಡಳಿತ ನೋಡುವ ಕೌನ್ಸಿಲಿನಿಂದ ವಿಚಾರಿಸಲು ಬಂದವಳೂ ಇದನ್ನೇ ಕೇಳಿ, ಇದೇ ಉತ್ತರ ಪಡೆದು ಹೋಗಿದ್ದಳು. ಯಾರ ಹೆಸರನ್ನೂ ಅವರು ಹೇಳಲಿಲ್ಲ. ಹೇಳಿದರೆ ತಾವು ಸಾಯುವುದನ್ನು ಒಪ್ಪಿಕೊಂಡಂತೆ ಅನ್ನಿಸಿತ್ತೋ ಏನೋ.

ಆ ಭಾನುವಾರ ಅವರ ಮೇಲೆ ಚಾದರ ಹೊದಿಸಿದ ಮೇಲೆ, ಆಂಬುಲೆನ್ಸಿನ ಹುಡುಗಿ ಸೋಫಾದಲ್ಲಿದ್ದ ಮುದುಕಿಯನ್ನು ತೋರಿಸಿ, "ಇವರ ಜೊತೆ ಯಾರಿರುತ್ತೀರಿ?" ಎಂದಳು.

"ನಾ ಇರ್ತೀನಿ ಅಂತ ಹೇಳ್ರಿ," ಎಂದಳು ನನ್ನ ಹೆಂಡತಿ. ಗಾಬರಿಯಲ್ಲಿ ಅವಳಿಗೆ ಇಂಗ್ಲಿಷೇ ಹೊರಡಲಿಲ್ಲ.

ಆ ವಾರವೆಲ್ಲ ಮುದುಕಿಗೆ ಅನ್ನ ಕಲಸಿ ತಿನ್ನಿಸಿದಳು. ಆಮೇಲೆ ಕೌನ್ಸಿಲಿನವರು ಬಂದರು. ನಾವು ನೆಂಟರಲ್ಲ, ಆಕೆಯ ಗಂಡ ಬಾಯಿಬಿಟ್ಟು ಒಪ್ಪಿಸಿದವರೂ ಅಲ್ಲ. ಆಕೆಯನ್ನು ಹೇಸ್ ಎಂಬಲ್ಲಿನ ಒಂದು ವೃದ್ಧಾಶ್ರಮಕ್ಕೆ ಕರೆದುಕೊಂಡು ಹೋದರು. ಲಿಫ್ಟಿನ ಮುಂದೆ ಮುದುಕಿ ನನ್ನ ಹೆಂಡತಿಯ ಸೆರಗನ್ನು ಬಿಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿದೆ.

ಮರುವರ್ಷ ಮುದುಕಿಯೂ ತೀರಿಕೊಂಡಳು. ಕೈರೋದ ಆ ನಾಯಬನ ಕುರ್ಚಿ, ನಾನಿದನ್ನು ಬರೆಯುವ 2008ರಲ್ಲೂ, ಖಾಲಿಯೇ ಇದೆ.

ಅಂದು ಬಂದಿದ್ದ ಕೌನ್ಸಿಲಿನವರು ಈಗೆಲ್ಲಿದ್ದಾರೋ ತಿಳಿಯದು. ಲಿಫ್ಟಿನ ಮುಂದೆ ನಡೆದದ್ದನ್ನು ನನ್ನ ಜೊತೆ ಇಂದಿಗೂ ನೆನೆಯುವವಳು ನನ್ನ ಹೆಂಡತಿಯೊಬ್ಬಳೇ. ಆ ಸೀರೆಯನ್ನು ಅವಳು ಮತ್ತೆ ಉಟ್ಟಿಲ್ಲ.