ಜರ್ಮನ್ನರು ಕೈಬಿಟ್ಟ ಹಾಡುಗಳು ಮತ್ತು ನಮ್ಮ ಕುಕ್ಕರ್

ಪರ್ತ್‌ನಲ್ಲಿದ್ದ ವರ್ಷಗಳಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ನಾವು ನಾಲ್ವರು ಎಲೆನ್‌ಬ್ರೂಕ್‌ನ ಒಂದು ಗ್ಯಾರೇಜಿನಲ್ಲಿ ಸೇರಿ ಕನ್ನಡ ಹಾಡುಗಳ ಆಲ್ಬಮ್ ರೆಕಾರ್ಡ್ ಮಾಡುತ್ತಿದ್ದೆವು. ಮಾಡುತ್ತಿದ್ದೆವು ಎಂದೇ ಹೇಳಬೇಕು, ಮಾಡಿದೆವು ಎನ್ನುವ ಹಾಗಿರಲಿಲ್ಲ. ಗ್ಯಾರೇಜು ನಮ್ಮ ಡ್ರಮ್ಮರ್‌ದು. ಅವರು ಮೈಸೂರಿನವರು, ಗಣಿ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ. ಹಾಡುಗಳನ್ನು ಬರೆದು ಹಾಡುತ್ತಿದ್ದವರು ಬೆಂಗಳೂರಿನ ಒಬ್ಬ ಸಿವಿಲ್ ಎಂಜಿನಿಯರ್. ಗಿಟಾರ್ ನನ್ನ ಗಂಡ, ಕೀಬೋರ್ಡ್ ನಾನು. ನಾವಿಬ್ಬರೂ ಮಂಗಳೂರಿನ ಕಡೆಯವರು, ಮಸ್ಕತ್‌ನಲ್ಲಿ ಕೆಲವು ಕಾಲ ಇದ್ದು ಬಂದವರು. ವಾರವಿಡೀ ಜೂಂಡಲಪ್‌ನ ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದೆ, ಭಾನುವಾರ ಚರ್ಚಿನಲ್ಲಿ ಕ್ವಾಯರ್‌ಗೆ ನುಡಿಸುತ್ತಿದ್ದೆ. ಚರ್ಚಿನಲ್ಲಿ ಹಾಡಿಗೆ ಒಂದು ಕೊನೆ ಅಂತ ಇರುತ್ತದೆ.

ಗ್ಯಾರೇಜಿನಲ್ಲಿ ಅದೊಂದೇ ಇರಲಿಲ್ಲ. ಒಂದು ಹಾಡಿನ ನಡುವೆ ಪಕ್ಕದ ಮನೆಯವರು ಒಣಗಿದ ಎಲೆ ಊದುವ ಯಂತ್ರ ಶುರು ಮಾಡುತ್ತಿದ್ದರು. ಇನ್ನೊಂದರ ನಡುವೆ ಡ್ರಮ್ಮರ್ ಮಗಳು ಬಾಗಿಲು ತೆಗೆದು "ಡ್ಯಾಡ್, ಆರ್ ಯು ಡನ್ ಯೆಟ್?" ಎನ್ನುತ್ತಿದ್ದಳು. ನಮ್ಮ ಅತ್ಯುತ್ತಮ ಹಾಡು ಸಮುದ್ರದ ಕುರಿತದ್ದು, ಮೂರು ಚರಣ. ಮೊದಲ ಚರಣದ ಕೊನೆಯಲ್ಲಿ ಹಾಡುವವರು ದನಿ ಏರಿಸಿದ್ದೇ ತಡ, ಗೋಡೆಯಾಚೆಯ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಅವರು "ಥೂ" ಎಂದು ನಿಲ್ಲಿಸಿದರು. ನನ್ನ ಗಂಡ ನಕ್ಕ. ಇದೆಲ್ಲ ರೆಕಾರ್ಡ್ ಆಯಿತು.

ಹೀಗಿರುವಾಗ ಡ್ರಮ್ಮರ್ ಆಫೀಸಿನ ಆಸ್ಟ್ರೇಲಿಯನ್ ಒಬ್ಬ ಅವರಿಗೆ ಒಂದು ಸಿಡಿ ಕೊಟ್ಟ. ಎಪ್ಪತ್ತರ ದಶಕದ ಜರ್ಮನ್ ರಾಕ್ ತಂಡವೊಂದರದು, ಪ್ರಯೋಗಕ್ಕೆ ಹೆಸರಾದವರದು. ಅದು ಅವರ ಆಲ್ಬಮ್ ಅಲ್ಲ, ಆಲ್ಬಮ್‌ಗಳಿಗೆ ಸೇರಿಸದೆ ಕೈಬಿಟ್ಟಿದ್ದ ತುಣುಕುಗಳ ಸಂಕಲನ. ಮಡಚುವ ಕುರ್ಚಿ ಹಾಕಿಕೊಂಡು ಕೂತು ಕೇಳಿದೆವು. ಒಂದರಲ್ಲಿ ಒಂದೇ ತಾಳ ಸುಮ್ಮನೆ ಸಾಗುತ್ತಲೇ ಇತ್ತು. ನಾನು ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿಕೊಂಡು ಬಂದೆ, ತಾಳ ಇದ್ದಲ್ಲೇ ಇತ್ತು. ಇನ್ನೊಂದರಲ್ಲಿ ಯಾರೋ ಏನನ್ನೋ ದಢಾರನೆ ಬೀಳಿಸಿ ಜರ್ಮನ್‌ನಲ್ಲಿ ಬೈದರು. ಮತ್ತೊಂದು, ಆರ್ಗನ್‌ನ ಎರಡೇ ಸ್ವರಗಳದ್ದು, ನನಗೆ ನಿಜಕ್ಕೂ ಹಿಡಿಸಿತು. ಮಂಡಿಯ ಮೇಲೆ ಬೆರಳಾಡಿಸುತ್ತಿದ್ದೆ, ಅಷ್ಟರಲ್ಲಿ ತುಂಡಾಯಿತು.

"ಹೆಂಗಿದೆ ಅಕ್ಕಾ?" ಎಂದರು ಡ್ರಮ್ಮರ್.

"ಇದರ ಕೊನೆ ಎಲ್ಲಿ?"

"ಕೊನೆ ಇಲ್ಲ ಅನ್ನೋದೇ ಪಾಯಿಂಟು!" ಅವರು ಎದ್ದು ನಿಂತರು. "ಇವ್ರು ಬಿಸಾಕಿದ್ದನ್ನ ಜನ ಹುಡುಕ್ಕೊಂಡು ಹೋಗಿ ಕೇಳ್ತಾರೆ. ನಮ್ಮತ್ರ ಬಿಸಾಕಿದ್ದು ಎಷ್ಟಿದೆ ನೋಡು ಗುರು!"

ಹಾಡುವವರು ಮೆಲ್ಲಗೆ ಹೇಳಿದರು, "ಅವ್ರು ಮೊದ್ಲು ಆಲ್ಬಮ್ ಮಾಡಿದ್ರು, ಆಮೇಲೆ ಮಿಕ್ಕಿದ್ದನ್ನ ತಂದ್ರು. ನಾವು ಆಲ್ಬಮ್ಮೇ ಮಾಡಿಲ್ವಲ್ಲ."

"ಅದು ಬರೀ ಆರ್ಡರ್ ಪ್ರಾಬ್ಲಮ್ಮು."

ನನ್ನ ಗಂಡ ಕೊಂಕಣಿಯಲ್ಲಿ ನನ್ನ ಕಿವಿಯಲ್ಲಿ, ಇನ್ನು ಇವರನ್ನು ಹಿಡಿಯುವವರಿಲ್ಲ ಎಂದ. ಹಾಗೇ ಆಯಿತು. ಕೆಲವೇ ವಾರಗಳಲ್ಲಿ ನಮ್ಮ ಅರ್ಧಂಬರ್ಧ ಹಾಡುಗಳೆಲ್ಲ ಒಂದು ಸಿಡಿಯಾದವು. ಅದರ ಬಿಡುಗಡೆಗೆ ಪರ್ತ್‌ನ ಕನ್ನಡಿಗರು ಒಂದು ಸಮಾರಂಭವನ್ನೇ ಇಟ್ಟುಕೊಂಡರು. ಮಗಳ ಮನೆಗೆ ಬಂದಿದ್ದ ನಿವೃತ್ತ ಪ್ರೊಫೆಸರ್ ಒಬ್ಬರು ಸಿಕ್ಕರು, ಅವರೇ ಮುಖ್ಯ ಅತಿಥಿ. ಅವರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಸಮುದ್ರದ ಹಾಡಿನ ತುಣುಕು ಕೇಳಿಸಿದೆವು. ಅವರು ಕಣ್ಣು ಮುಚ್ಚಿ ಕೇಳಿದರು.

"ಅಪೂರ್ಣತೆಯೇ ವಲಸಿಗನ ಪೂರ್ಣತೆ," ಎಂದು ಭಾಷಣ ಆರಂಭಿಸಿದರು. "ಇಲ್ಲಿ ಕೂಗಿದ್ದು ಬರಿಯ ಕುಕ್ಕರ್ ಅಲ್ಲ. ಕಡಲಾಚೆ ಬಂದ ಹೆಣ್ಣಿನ ಅದುಮಿಟ್ಟ ಆಕ್ರಂದನ."

ಪಕ್ಕದಲ್ಲಿ ಕೂತಿದ್ದ ಡ್ರಮ್ಮರ್ ಹೆಂಡತಿ ನನ್ನ ಕಡೆ ಬಾಗಿದರು. "ಅಯ್ಯೋ, ಅದು ತೊಗರಿಬೇಳೆ ಅಕ್ಕಾ."

ಆಮೇಲೆ ಬ್ರಿಸ್ಬೇನ್‌ನಿಂದ ಫೋನ್ ಬಂತು. ಅಲ್ಲಿ ರೇಡಿಯೋದಲ್ಲಿ ವಾರಕ್ಕೊಮ್ಮೆ ಕನ್ನಡ ಕಾರ್ಯಕ್ರಮ ನಡೆಸುತ್ತಿದ್ದ ಆಂಟಿಯೊಬ್ಬರು ಆ ತುಣುಕನ್ನು ಹಾಕಿದ್ದರಂತೆ. ಜನ ಮತ್ತೆ ಮತ್ತೆ ಕೇಳುತ್ತಿದ್ದಾರೆ, ಬಂದು ಸ್ಟೇಜ್ ಮೇಲೆ ಹಾಡಿ, ಅಡಿಲೇಡ್‌ನವರೂ ಕರೆಯುತ್ತಿದ್ದಾರೆ ಎಂದರು. "ಆದ್ರೆ ಸಿಡೀಲಿ ಇರೋ ಹಾಗೇ ಬರ್ಬೇಕು, ಆಯ್ತಾ? ಆ ಥೂ ಕೂಡ."

ಹೀಗೆ ನಾವು ತಪ್ಪುಗಳ ರಿಹರ್ಸಲ್ ಶುರು ಮಾಡಿದೆವು. ನನ್ನ ಜೀವನದಲ್ಲಿ ಅಷ್ಟು ಕಷ್ಟದ ಸಂಗೀತ ಬೇರೆ ನುಡಿಸಿಲ್ಲ. ಮೊದಲು ತಾನಾಗಿ ಜಾರಿದ್ದ ಬೆರಳು ಈಗ ಬೇಕೆಂದರೂ ಜಾರುತ್ತಿರಲಿಲ್ಲ. ಹಾಡುವವರ "ಥೂ" ನಾಟಕದ್ದಾಗಿ ಕೇಳುತ್ತಿತ್ತು. "ಮನಸಾರೆ ಬೈಯಿ ಗುರು" ಎಂದು ಡ್ರಮ್ಮರ್ ತಿದ್ದುತ್ತಿದ್ದರು. ಅವರ ಮಗಳಂತೂ "ಐ ಆಮ್ ನಾಟ್ ಸೇಯಿಂಗ್ ಇಟ್, ಇಟ್ಸ್ ಎಂಬ್ಯಾರಸಿಂಗ್" ಎಂದು ರೂಮಿನ ಬಾಗಿಲು ಹಾಕಿಕೊಂಡಳು. ಅವಳ ಮಾತನ್ನು ನಾನೇ ಎಳೆಯ ದನಿ ಮಾಡಿ ಹೇಳಬೇಕಾಯಿತು.

ಕುಕ್ಕರ್ ಬದಲಿಸುವಂತಿರಲಿಲ್ಲ. ಶ್ರುತಿ ಬೇರೆಯಾಗುತ್ತದೆ ಎಂದು ಡ್ರಮ್ಮರ್ ಹಟ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅವರು ಆ ಹಳೆಯ ಅಲ್ಯೂಮಿನಿಯಂ ಕುಕ್ಕರನ್ನು ಟ್ರೇಯಲ್ಲಿಟ್ಟು, ಇದು ಸಂಗೀತ ವಾದ್ಯ ಎಂದರು. ಅಲ್ಲಿದ್ದವನು ಮುಚ್ಚಳ ತಿರುಗಿಸಿ ನೋಡಿ, ಯಾವ ಶ್ರುತಿ ಎಂದು ಕೇಳಿದ. ನನ್ನ ಗಂಡ ಗಂಭೀರವಾಗಿ "ಜಿ ಶಾರ್ಪ್" ಎಂದ. ಅವನು ತಲೆಯಾಡಿಸಿ ಬಿಟ್ಟುಬಿಟ್ಟ.

ಬ್ರಿಸ್ಬೇನ್‌ನಲ್ಲಿ ಕ್ಯಾಲಮ್‌ವೇಲ್ ಹತ್ತಿರದ ಒಂದು ಹಾಲ್. ಸ್ಟೇಜಿಗೆ ಅಂಟಿಕೊಂಡೇ ಅಡುಗೆಮನೆ, ಗ್ಯಾಸ್ ಒಲೆ. ಡ್ರಮ್ಮರ್ ಹೆಂಡತಿ ಬೇಳೆ ಇಟ್ಟು ಬಾಗಿಲಲ್ಲಿ ಮೈಕು ಹಿಡಿದು ನಿಂತರು. ದನಿ ಏರುವುದಕ್ಕೂ ಕುಕ್ಕರ್ ಕೂಗುವುದಕ್ಕೂ ಸರಿಹೋಯಿತು. ಹಾಡುವವರು "ಥೂ" ಎಂದದ್ದೇ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಒನ್ಸ್ ಮೋರ್ ಎಂದು ಕೂಗಿದರು. "ಇನ್ನೊಂದು ಕೂಗಾದ್ರೆ ಬೇಳೆ ಕರಗಿ ನೀರಾಗುತ್ತೆ!" ಎಂದು ಒಳಗಿಂದ ಆಕೆ ಬೈದದ್ದು ಮೈಕಿನಲ್ಲಿ ಕೇಳಿಸಿತು. ಅದಕ್ಕೂ ಚಪ್ಪಾಳೆ ಬಿತ್ತು.

ಹಾಡುವವರು ಮಾತ್ರ ಊಟದ ಹೊತ್ತಿಗೆ ಸಪ್ಪಗಿದ್ದರು. ಯಾಕೆ ಎಂದು ಕೇಳಿದೆ. "ಏನಿಲ್ಲ ಅಕ್ಕಾ," ಎಂದು ಅನ್ನ ಕಲಸುತ್ತಾ ಕೂತರು.

ಮರುದಿನ ಅಡಿಲೇಡ್. ಹೊಸದಾಗಿ ಕಟ್ಟಿದ ಚಂದದ ಹಾಲ್, ಗೋಡೆಗಳ ಮೇಲೆ ಕುಕ್ಕರಿನ ದೊಡ್ಡ ಚಿತ್ರವಿದ್ದ ನಮ್ಮ ಪೋಸ್ಟರು. ಎಂದಿನಂತೆ ಶುರು ಮಾಡಿದೆವು. ಮೊದಲ ಚರಣ ಮುಗಿಯುತ್ತಾ ಬಂತು, ದನಿ ಏರಿತು, ಎಲ್ಲರೂ ಅಡುಗೆಮನೆಯ ಕಡೆ ನೋಡಿದೆವು. ಕೂಗಿಲ್ಲ. ಡ್ರಮ್ಮರ್ ತಾಳ ಬಿಡದೆ ಬಾರಿಸುತ್ತಾ ಹುಬ್ಬು ಹಾರಿಸಿದರು. ಅವರ ಹೆಂಡತಿ ಬಾಗಿಲಲ್ಲಿ ಕಾಣಿಸಿಕೊಂಡು ಎರಡೂ ಕೈ ಆಡಿಸಿದರು. ಅದು ಇಂಡಕ್ಷನ್ ಒಲೆಯಂತೆ. ಅದರ ಮೇಲೆ ಅಲ್ಯೂಮಿನಿಯಂ ಪಾತ್ರೆ ಕಾಯುವುದಿಲ್ಲ. ಬೇಳೆ ತಣ್ಣಗೆ ನೀರಿನಲ್ಲಿ ಕೂತಿತ್ತು.

ನಿಲ್ಲಿಸಲು ಕಾರಣ ಸಿಗದೆ ನಾವು ನುಡಿಸುತ್ತಲೇ ಹೋದೆವು. ಹಾಡುವವರು ಒಮ್ಮೆ ನಮ್ಮ ಕಡೆ ತಿರುಗಿ ನೋಡಿ ಎರಡನೇ ಚರಣ ಎತ್ತಿಕೊಂಡರು. ಆಮೇಲೆ ಮೂರನೆಯದು. ನಾನು ಅದನ್ನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಸಮುದ್ರದ ನೀರು ಉಪ್ಪೆಂದು ಗೊತ್ತಿದ್ದೂ ಮಗುವೊಂದು ಮತ್ತೆ ಮತ್ತೆ ಬೊಗಸೆಯಲ್ಲಿ ತುಂಬಿ ರುಚಿ ನೋಡುವುದು ಅದರಲ್ಲಿತ್ತು. ಚೆನ್ನಾಗಿತ್ತು. ಸ್ವರಗಳನ್ನು ಊಹಿಸಿಕೊಂಡು ನುಡಿಸಿದೆ. ಹಾಡು ಮುಗಿಯಿತು.

ಜನ ಅಡುಗೆಮನೆಯ ಕಡೆಗೇ ನೋಡುತ್ತಿದ್ದರು, ಇನ್ನೂ ಏನೋ ಆಗಬೇಕು ಎಂದು ಕಾಯುವ ಹಾಗೆ. ಬಳಿಕ ಮರ್ಯಾದೆಗೆಂದು ಒಂದಿಷ್ಟು ಚಪ್ಪಾಳೆ. ಸಂಘಟಕರು ಸ್ಟೇಜಿನ ಮೆಟ್ಟಿಲ ಹತ್ತಿರ ಬಂದರು.

"ಏನ್ ಸಾರ್ ಇದು, ಪೂರ್ತಿ ಹಾಡ್ಬಿಟ್ರಿ? ಪೋಸ್ಟರಲ್ಲಿ ಕುಕ್ಕರ್ ಹಾಕ್ಸಿದೀವಿ. ಜನಕ್ಕೆ ಏನಂತ ಹೇಳೋದು?"

ಡ್ರಮ್ಮರ್ ಕೈ ಮುಗಿದು ಕ್ಷಮೆ ಕೇಳಿದರು. ಹಾಡುವವರು ಮೆಟ್ಟಿಲ ಮೇಲೆ ಕೂತು ನೀರು ಕುಡಿಯುತ್ತಿದ್ದರು. "ಅಕ್ಕಾ, ಮೂರನೇದು ಕೇಳಿಸ್ಕೊಂಡ್ರಾ?" ಎಂದರು. ಕೇಳಿಸಿಕೊಂಡೆ ಎಂದೆ.

ಅಡಿಲೇಡ್ ನಂತರ ಯಾರೂ ಕರೆಯಲಿಲ್ಲ. ಒಂದು ಶನಿವಾರ ಡ್ರಮ್ಮರ್ ಮನೆಯಲ್ಲಿ ಅಡುಗೆ ಬೇಡ ಎಂದು ಹೇಳಿ, ಪಕ್ಕದವರಿಗೂ ಒಂದು ಮಾತು ತಿಳಿಸಿ, ಆ ಹಾಡನ್ನು ಮೂರೂ ಚರಣ ರೆಕಾರ್ಡ್ ಮಾಡಿದೆವು. ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಕಳಿಸಿದೆವು. ಯಾರೋ ಒಂದು ಹೆಬ್ಬೆರಳು ಹಾಕಿದರು. ಅದರ ಕೆಳಗೇ ಇನ್ಯಾರೋ, ಯುಗಾದಿ ಕಾರ್ಯಕ್ರಮಕ್ಕೆ ಪಾರ್ಕಿಂಗ್ ಎಲ್ಲಿ ಎಂದು ಕೇಳಿದರು. ನಾವು ಮಾತ್ರ ಗ್ಯಾರೇಜಿನ ಬಾಗಿಲು ಎತ್ತಿ, ಬಿಸಿಲಿಗೆ ಕುರ್ಚಿ ಎಳೆದುಕೊಂಡು, ಅದನ್ನು ಮತ್ತೊಮ್ಮೆ ಹಾಕಿ ಕೇಳಿದೆವು. ಮುಗಿದ ಮೇಲೆ ಹಾಡುವವರು ಕನ್ನಡಕ ತೆಗೆದು ಅಂಗಿಯಿಂದ ಒರೆಸಿ, "ತಿನ್ನಕ್ಕೆ ಏನಾದ್ರೂ ತರ್ಸೋಣ, ಹೊಟ್ಟೆ ಹಸೀತಿದೆ," ಎಂದರು.