ಅಂಚಿಗೆ ಬಂದ ಹಣೆ

ನನಗೊಂದು ನಿರುಪದ್ರವಿ ಹುಚ್ಚಿದೆ: ಹಳೆಯ ಗ್ರೀಕ್ ನಾಣ್ಯಗಳನ್ನು ನೋಡುವುದು. ನಾಣ್ಯಗಳೇನೂ ನನ್ನ ಹತ್ತಿರ ಇಲ್ಲ. ಚಿಂತಾಮಣಿಯ ಮನೆಯಲ್ಲಿ ಕೂತು ಫೋನಿನಲ್ಲಿ ನೋಡುತ್ತೇನೆ, ಅಷ್ಟೆ. ಅವುಗಳ ಮೇಲಿನ ರಾಜರು ಹೆಚ್ಚಾಗಿ ಪಕ್ಕಕ್ಕೆ ತಿರುಗಿರುತ್ತಾರೆ. ಉದ್ದ ಮೂಗು, ಗುಂಗುರು ಕೂದಲು, ಒಂದೇ ಕಣ್ಣು. ತಮ್ಮ ನಾಣ್ಯ ಕೊಟ್ಟು ಯಾರು ಏನು ಕೊಂಡರೆಂಬ ಗೊಡವೆ ಅವರಿಗಿಲ್ಲ. ನಮ್ಮ ದೇವರುಗಳಿಗೆ ಈ ಬಿಗುಮಾನ ಒಗ್ಗದು. ಗರ್ಭಗುಡಿಯಲ್ಲಿ ನೆಟ್ಟಗೆ ನಿಂತು, ಎರಡೂ ಕಣ್ಣು ಬಿಟ್ಟು, ಬಂದವರನ್ನೆಲ್ಲ ನೋಡುತ್ತಾರೆ.

ಅಮ್ಮನದು ಉಳಿದಿರುವುದು ಒಂದೇ ಫೋಟೊ, ಅಕ್ಕನ ಮದುವೆಯ ಗುಂಪಿನದು. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಅಮ್ಮ ಮಾತ್ರ ಪಕ್ಕಕ್ಕೆ ತಿರುಗಿದ್ದಾಳೆ. ಬದುಕಿರುವವರೆಲ್ಲ ಇರುವ ಫೋಟೊಗೆ ಹಾರ ಹಾಕುವುದು ಹೇಗೆ? ಹಾಗಾಗಿ ಹಿರಿಯರ ಹಬ್ಬದಲ್ಲಿ ಕಳಶಕ್ಕೇ ಎಡೆ ಇಡುತ್ತಿದ್ದೆವು. ಈ ಸಲ ನನ್ನ ತಲೆಗೆ ಗ್ರೀಕರು ಹೊಕ್ಕರು. ತುಳಸಿಕಟ್ಟೆ ಕೆತ್ತುವವರಿಗೆ ಫೋಟೊದ ಜೊತೆ ಒಂದು ನಾಣ್ಯದ ಚಿತ್ರವನ್ನೂ ತೋರಿಸಿ, ಬಿಳಿ ಅಮೃತಶಿಲೆಯಲ್ಲಿ ಅಮ್ಮನ ಪಕ್ಕಮುಖದ ದುಂಡನೆಯ ಉಬ್ಬುಶಿಲ್ಪ ಮಾಡಿಸಿದೆ. ತುರುಬು, ಓಲೆ, ಚೂಪು ಗದ್ದ ಎಲ್ಲ ಚೆನ್ನಾಗಿಯೇ ಬಂತು. ನಡುಮನೆಯ ಗೋಡೆಗೆ ಹಾಕಿಸಿ, ಮಹಾರಾಣಿಯ ಮಗನಂತೆ ಓಡಾಡಿದೆ.

ಹಬ್ಬಕ್ಕೆ ಶಿಡ್ಲಘಟ್ಟದಿಂದ ಅಕ್ಕ ಬಂದಳು. ಅಮ್ಮ ಮುತ್ತೈದೆಯಾಗಿ ಹೋದವಳು. ಹಣೆಗೆ ಕುಂಕುಮವಿಲ್ಲದೆ ಎಡೆ ಇಡುವಂತಿಲ್ಲ. ಅಕ್ಕ ಬೆರಳಿಗೆ ಕುಂಕುಮ ಹಚ್ಚಿಕೊಂಡು ಕಲ್ಲಿನ ಮುಂದೆ ನಿಂತೇಬಿಟ್ಟಳು.

“ಹಣೆ ಮಧ್ಯ ಎಲ್ಲೋ?”

ಗ್ರೀಕ್ ರಾಜರಿಗೆ ಕುಂಕುಮದ ತಾಪತ್ರಯವಿರಲಿಲ್ಲ; ನನಗೂ ಹೊಳೆದಿರಲಿಲ್ಲ. ಹಣೆಯ ನಡು ಸರಿಯಾಗಿ ಅಂಚಿಗೆ ಬಂದಿತ್ತು.

“ಇದು ಬೇಡ ಕಣೋ, ಕಳಶನೇ ಇಡಣ. ಅಮ್ಮ ನಮ್ಮ ಕಡೆ ನೋಡ್ತಾನೇ ಇಲ್ಲ.”

ನನಗೆ ಸಂಕಟವಾಯಿತು. ಅಮ್ಮನ ಮುಖವಿಟ್ಟು ಮಾಡುವ ಮೊದಲ ಹಬ್ಬ ಅದು. “ಫೋಟೊದಲ್ಲೂ ಹಂಗೇ ಇದಾಳಲ್ಲಕ್ಕ” ಎಂದೆ.

“ಅವತ್ತು ನನ್ನ ನೋಡ್ತಿದ್ಲು ಕಣೋ. ನನ್ನ ಬಾಸಿಂಗ ಜಾರ್ತಿತ್ತು...”

ಅಕ್ಕ ಕಲ್ಲಿಗೆ ಇನ್ನೂ ಹತ್ತಿರ ಸರಿದಳು. ಅಂಚಿನಲ್ಲೇ ಬೆರಳೊತ್ತಿದಳು. ಕುಂಕುಮ ಅರ್ಧ ಹಣೆಗಾಯಿತು, ಅರ್ಧ ಹಿಂದಿನ ಬರಿಗಲ್ಲಿಗೆ.

ಊಟಕ್ಕೆ ಎಲೆ ಹಾಕಿದಾಗ ಅವಳು ತನ್ನ ಎಲೆ ಎತ್ತಿಕೊಂಡು ಕಿಟಕಿಯ ಪಕ್ಕಕ್ಕೆ, ಅಮ್ಮ ನೋಡುತ್ತಿದ್ದ ಕಡೆಗೆ ಹೋಗಿ ಕೂತಳು. ಎದುರು ನೋಡುವ ದೇವರು ಬಂದವರನ್ನೆಲ್ಲ ನೋಡುತ್ತಾನೆ. ಪಕ್ಕಕ್ಕೆ ನೋಡುವವರ ಕಣ್ಣಿಗೆ ಬೀಳಬೇಕಾದರೆ ನಾವೇ ಎದ್ದು ಹೋಗಬೇಕು. ನಾನೂ ಎಲೆ ಎತ್ತಿಕೊಂಡು ಹೋಗಿ, “ಸ್ವಲ್ಪ ಸರಿಯಕ್ಕ” ಎಂದೆ.